ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಜನರ ಭಾಗವಹಿಸುವಿಕೆ: ಭಾರತದ ಚರಿತ್ರೆ

ಹೊಸ ಔಷಧ, ಲಸಿಕೆ ಅಥವಾ ಚಿಕಿತ್ಸಾ ಕ್ರಮದ ಗುಣದೋಷಗಳನ್ನು ಮನುಷ್ಯರ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸುವುದೇ ಕ್ಲಿನಿಕಲ್ ಟ್ರಯಲ್. ಇದರಲ್ಲಿ ರೋಗಿಗಳೂ ಆರೋಗ್ಯವಂತ ಸ್ವಯಂಸೇವಕರೂ ಭಾಗವಹಿಸುತ್ತಾರೆ. ಭಾರತದಲ್ಲಿ ಇಂಥ ಪರೀಕ್ಷೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ನಡೆದಿವೆ. ಆದರೆ ಅವುಗಳಿಂದ ಹಾನಿಯಾದರೆ ಪರಿಹಾರ ಕೊಡಬೇಕೆಂಬ ವಿವರವಾದ ನಿಯಮ ಬಂದದ್ದು 2013ರಲ್ಲಿ.

ಆರಂಭ

ಬ್ಯಾಕ್ಟೀರಿಯಾ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ 1894ರಲ್ಲಿ ಕಲ್ಕತ್ತೆಯ ಬಸ್ತಿಗಳಲ್ಲಿ ಕಾಲರಾ ಲಸಿಕೆ ಹಾಕಿದರು. ಒಂದೇ ಮನೆಯಲ್ಲಿ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದರು. ಮುಂಬಯಿಯಲ್ಲಿ ಪ್ಲೇಗ್ ಹಬ್ಬಿದಾಗ ತಾವು ತಯಾರಿಸಿದ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡು, ಬಳಿಕ ಬೈಕುಲಾ ಜೈಲಿನಲ್ಲಿ ಮುಂದೆ ಬಂದ ಕೈದಿಗಳಿಗೆ ಕೊಟ್ಟರು. ಸೆರೆಯಲ್ಲಿರುವವರ ಒಪ್ಪಿಗೆ ಎಷ್ಟರ ಮಟ್ಟಿಗೆ ಸ್ವತಂತ್ರ ಎಂಬ ಪ್ರಶ್ನೆಯನ್ನು ಆಗಿನ ಯಾವ ಕಾನೂನೂ ಎತ್ತಿರಲಿಲ್ಲ.

ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಯಾದೃಚ್ಛಿಕವಾಗಿ ಹಂಚುವ ಪದ್ಧತಿ ನೆಲೆಯೂರಿದ್ದು ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗದಿಂದ. 1948ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 107 ಕ್ಷಯರೋಗಿಗಳಿದ್ದರು. ಔಷಧ ಪಡೆಯದೆ ಕೇವಲ ವಿಶ್ರಾಂತಿಯಲ್ಲಿದ್ದ 52 ಮಂದಿಗೆ ತಾವು ಅಧ್ಯಯನದ ಭಾಗವೆಂದೇ ತಿಳಿಸಿರಲಿಲ್ಲ. ನಾತ್ಸಿ ವೈದ್ಯರ ವಿಚಾರಣೆಯಿಂದ 1947ರಲ್ಲಿ ಮೂಡಿದ ನ್ಯೂರೆಂಬರ್ಗ್ ಸಂಹಿತೆಯೂ, 1964ರ ಹೆಲ್ಸಿಂಕಿ ಘೋಷಣೆಯೂ ಒಪ್ಪಿಗೆಯನ್ನು ಸಂಶೋಧನೆಯ ಮೊದಲ ಷರತ್ತುಗಳಲ್ಲಿ ಒಂದಾಗಿಸಿದವು.

ಮದರಾಸು ಅಧ್ಯಯನ

ಯಾದೃಚ್ಛಿಕ ಹಂಚಿಕೆಯ ವಿಧಾನ ಭಾರತದಲ್ಲಿ ದೊಡ್ಡ ಫಲ ಕೊಟ್ಟದ್ದು ಮದರಾಸಿನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ತೆರೆದವು. ಬ್ರಿಟಿಷ್ ವೈದ್ಯ ವಾಲೇಸ್ ಫಾಕ್ಸ್ ಅದರ ನೇತೃತ್ವ ವಹಿಸಿದ್ದರು. ನಗರದ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂಗೆ ಸೇರಿಸಿ, ಉಳಿದವರಿಗೆ ಮನೆಯಲ್ಲೇ ಚಿಕಿತ್ಸೆ ಕೊಡಲಾಯಿತು. ಎರಡೂ ಗುಂಪಿಗೆ ಒಂದು ವರ್ಷ ಅವೇ ಮಾತ್ರೆಗಳು. ಸ್ಯಾನಟೋರಿಯಂನವರಿಗೆ ಒಳ್ಳೆಯ ಊಟ, ವಿಶ್ರಾಂತಿ, ಶುಶ್ರೂಷೆ ಸಿಕ್ಕಿತು. ಮನೆಯವರು ಇಕ್ಕಟ್ಟಿನಲ್ಲಿ, ಅರೆಹೊಟ್ಟೆಯಲ್ಲಿ ಇದ್ದರು. ಮಾತ್ರೆ ನುಂಗಿದ್ದಾರೆಯೇ ಎಂದು ತಿಳಿಯಲು ಸಿಬ್ಬಂದಿ ಮನೆಗೆ ಹೋಗಿ ಮೂತ್ರ ಪರೀಕ್ಷಿಸುತ್ತಿದ್ದರು. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳ ಚೇತರಿಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಮನೆಯಲ್ಲಿದ್ದ ರೋಗಿಗಳ ಕುಟುಂಬದವರಿಗೆ ಸೋಂಕಿನ ಅಪಾಯವೂ ಹೆಚ್ಚಿರಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ ಜಿಲ್ಲಾ ಕಾರ್ಯಕ್ರಮಕ್ಕೆ ಮನೆಯ ಚಿಕಿತ್ಸೆಯೇ ತಳಹದಿಯಾಯಿತು.

ಬೆಳಗಾವಿ ಪ್ರಯೋಗ

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಗರ್ಭಿಣಿಯರು ಒಂದು ಪ್ರಯೋಗಕ್ಕೆ ಒಪ್ಪಿದರು. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ನೆರವಾದೀತೇ ಎಂಬುದು ಪ್ರಶ್ನೆಯಾಗಿತ್ತು. ಆರೋಗ್ಯ ಸಹಾಯಕಿಯರು ಕೆಲವರಿಗೆ ಮಾತ್ರೆಯನ್ನೂ ಉಳಿದವರಿಗೆ ಪ್ಲಸೀಬೊ, ಅಂದರೆ ಔಷಧಾಂಶವಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟರು. ಪ್ಲಸೀಬೊ ಪಡೆದವರಲ್ಲಿ ಶೇ. 12ರಷ್ಟಿದ್ದ ರಕ್ತಸ್ರಾವ, ಮಾತ್ರೆ ಪಡೆದವರಲ್ಲಿ ಶೇ. 6.4ರಷ್ಟಿತ್ತು. ರಕ್ತಸ್ರಾವ ತಡೆಯುವ ಚುಚ್ಚುಮದ್ದಿನ ಸೌಕರ್ಯವಿಲ್ಲದ ಕಡೆ ಮಾತ್ರೆ ಸಾಕೆಂಬ ವಾದಕ್ಕೆ ಇದು ಬಲವಾದ ಆಧಾರವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ವಿವಾದ ಮತ್ತು ಕಾನೂನು

ಐಸಿಎಂಆರ್ ತನ್ನ ಮೊದಲ ನೈತಿಕ ನಿಲುವನ್ನು 1980ರಲ್ಲಿ ಪ್ರಕಟಿಸಿತು. ಔಷಧ ನಿಯಮಗಳಿಗೆ ಕ್ಲಿನಿಕಲ್ ಟ್ರಯಲ್‌ಗಳ ಷರತ್ತುಗಳುಳ್ಳ ‘ಶೆಡ್ಯೂಲ್ ವೈ’ ಸೇರಿದ್ದು 1988ರಲ್ಲಿ. ಅದರ 2005ರ ತಿದ್ದುಪಡಿಯು ವಿದೇಶಗಳಲ್ಲಿ ನಡೆಯುವ ಹಂತದ ಪ್ರಯೋಗಗಳನ್ನೇ ಭಾರತದಲ್ಲೂ ಏಕಕಾಲಕ್ಕೆ ನಡೆಸಲು ದಾರಿ ಮಾಡಿಕೊಟ್ಟಿತು. ವಿದೇಶಿ ಕಂಪನಿಗಳ ಪ್ರಯೋಗಗಳು ಹೆಚ್ಚಿದವು. 2007ರಲ್ಲಿ ಪ್ರಯೋಗಗಳ ಸಾರ್ವಜನಿಕ ನೋಂದಣಿ ಆರಂಭವಾಗಿ, 2009ರ ಜೂನ್‌ನಲ್ಲಿ ಕಡ್ಡಾಯವಾಯಿತು.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆ ದೊಡ್ಡ ವಿವಾದಕ್ಕೆ ಕಾರಣವಾಯಿತು. 2009–10ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಬಾಲಕಿಯರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಏಳು ಬಾಲಕಿಯರು ಸತ್ತರು; ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಸಿದ್ಧವಾಗಲಿಲ್ಲ. ಆದರೆ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಯಿತು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. 2013ರ ಸಂಸದೀಯ ಸಮಿತಿಯ ವರದಿ ಅದನ್ನು ಕಟುವಾಗಿ ಟೀಕಿಸಿತು.

ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಹಿನ್ನೆಲೆಯಲ್ಲಿ 2013ರಲ್ಲಿ ಪರಿಹಾರದ ನಿಯಮಗಳು ಜಾರಿಗೆ ಬಂದವು. ಒಪ್ಪಿಗೆ ಪಡೆಯುವ ಕ್ರಮವನ್ನು ವಿಡಿಯೊದಲ್ಲಿ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ ಅದೇ ವರ್ಷ ಹೇಳಿತು. ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಅವುಗಳಂತೆ:

• ಪ್ರಯೋಗವನ್ನು ನೈತಿಕ ದೃಷ್ಟಿಯಿಂದ ಪರಿಶೀಲಿಸುವ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ 7 ಸದಸ್ಯರು ಇರಬೇಕು. ಅರ್ಧದಷ್ಟು ಮಂದಿ ಹೊರಗಿನವರಾಗಿರಬೇಕು.
• ತೀವ್ರ ಅಡ್ಡಪರಿಣಾಮವನ್ನು ಪ್ರಯೋಗ ನಡೆಸುವ ವೈದ್ಯರು 24 ಗಂಟೆಗಳೊಳಗೆ ವರದಿ ಮಾಡಬೇಕು.
• ಪ್ರಯೋಗದಿಂದ ಹಾನಿಯಾದವರಿಗೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು.
• ಭಾಗವಹಿಸಿದವರು ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಬರಬಹುದು.
• ಹೊಸ ರಾಸಾಯನಿಕ ಔಷಧದ ಪ್ರಯೋಗದಲ್ಲಿ ದುರ್ಬಲ ವರ್ಗದವರ ಒಪ್ಪಿಗೆಯನ್ನು ವಿಡಿಯೊದಲ್ಲಿ ದಾಖಲಿಸಬೇಕು.

ಇತ್ತೀಚಿನ ಬೆಳವಣಿಗೆ

ಕೋವಿಡ್ ಕಾಲದಲ್ಲಿ, 2020ರ ನವೆಂಬರ್‌ನಲ್ಲಿ ಆರಂಭವಾದ ಕೋವ್ಯಾಕ್ಸಿನ್ ಲಸಿಕೆಯ ಮೂರನೆಯ ಹಂತದ ಪ್ರಯೋಗದಲ್ಲಿ ಸುಮಾರು 25,800 ಮಂದಿ ಭಾಗವಹಿಸಿದರು. ಈ ಲಸಿಕೆಯ ಆರಂಭಿಕ ಹಂತದ ಪ್ರಯೋಗ ಕೇಂದ್ರಗಳಲ್ಲಿ ಬೆಳಗಾವಿಯ ಆಸ್ಪತ್ರೆಯೊಂದೂ ಇತ್ತು. ಮೂರನೆಯ ಹಂತದ ಫಲಿತಾಂಶ ಬರುವ ಮೊದಲೇ, 2021ರ ಜನವರಿಯಲ್ಲಿ ಲಸಿಕೆಗೆ ತುರ್ತು ಬಳಕೆಯ ಅನುಮತಿ ಸಿಕ್ಕಿದ್ದು ಚರ್ಚೆಗೆ ಗ್ರಾಸವಾಯಿತು.