ಆಶಾ ಕಾರ್ಯಕರ್ತೆಯರ ಮನಸ್ಸಿಗೆ ಕೋವಿಡ್ ಏನು ಮಾಡಿತು? ಚಪ್ಪಾಳೆಯ ಆಚೆಗಿನ ಸಂಗತಿಗಳು

2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ದೇಶವೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದ್ದೆ. ನನ್ನ ಚಿಕ್ಕಮ್ಮ ಆಶಾ ಕಾರ್ಯಕರ್ತೆ, ಅವರಿಗಾಗಿಯೇ ಅಂದುಕೊಂಡು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಹಿತ್ತಲಲ್ಲೇ ಸ್ನಾನ, ಜಗುಲಿ ಮೇಲೇ ಊಟ. ಅವರನ್ನು ಕಂಡರೆ ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಿದ್ದರು. "ರಾತ್ರಿ ನಿದ್ದೇನೇ ಬರಲ್ಲ ಕಣೋ" ಅಂದರು ಒಂದಿನ. "ಟೆನ್ಷನ್ ಮಾಡ್ಕೋಬೇಡಿ" ಅಂದುಬಿಟ್ಟೆ. ಆ ಮಾತು ಎಷ್ಟು ತಪ್ಪು ಅಂತ ತಿಳಿಯೋಕೆ ನನಗೆ ವರ್ಷಗಳೇ ಬೇಕಾದವು.

ಬರ್ನೌಟ್ ಅಂದರೇನು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ವಿವರಿಸುತ್ತಾ ಮೂರು ಲಕ್ಷಣ ಹೇಳಿತು: ಶಕ್ತಿಯೆಲ್ಲ ಬತ್ತಿಹೋದ ಭಾವ, ಕೆಲಸದ ಬಗ್ಗೆ ಜಿಗುಪ್ಸೆ, ಕೆಲಸದಲ್ಲಿ ಕುಗ್ಗುವ ಸಾಮರ್ಥ್ಯ. ಮುಖ್ಯ ವಿಷಯ ಏನೆಂದರೆ, ಸಂಸ್ಥೆ ಇದನ್ನು ಕಾಯಿಲೆ ಅನ್ನಲಿಲ್ಲ. ಕೆಲಸದ ಜಾಗದ ನಿರಂತರ ಒತ್ತಡವನ್ನು ಸರಿಯಾಗಿ ನಿಭಾಯಿಸದೇ ಹೋದಾಗ ಹುಟ್ಟುವ ಸ್ಥಿತಿ ಅಂದಿತು. ಅಂದರೆ ಬೇರು ಇರೋದು ಕೆಲಸದಲ್ಲಿ, ಆ ವ್ಯಕ್ತಿಯ ದೌರ್ಬಲ್ಯದಲ್ಲಲ್ಲ.

ಇದರ ಜೊತೆಗೆ ಇನ್ನೊಂದು ನೋವಿದೆ, ನೈತಿಕ ಗಾಯ. ಏನು ಮಾಡಬೇಕು ಅಂತ ಗೊತ್ತಿದ್ದೂ ಮಾಡಲಾಗದೆ ಹೋದಾಗ ಆಗೋದು ಇದು. 2021ರ ಎರಡನೇ ಅಲೆಯಲ್ಲಿ ಬೆಡ್, ಆಕ್ಸಿಜನ್ ಕೇಳಿ ಫೋನ್ ಮಾಡಿದವರಿಗೆ "ಇಲ್ಲ" ಅನ್ನಬೇಕಾದವರೆಲ್ಲ ಇದನ್ನು ಹೊತ್ತಿದ್ದಾರೆ.

ಆಶಾಗಳ ಕಥೆ ಯಾಕೆ ಬೇರೆ?

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಹುಟ್ಟುಹಾಕಿದ ಈ ವ್ಯವಸ್ಥೆಯಲ್ಲಿ ಸುಮಾರು 1,000 ಜನಸಂಖ್ಯೆಗೆ ಒಬ್ಬ ಆಶಾ. ಸರ್ಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕರು. ಸಿಗೋದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಅಂತ ಪ್ರೋತ್ಸಾಹಧನ. ಕೋವಿಡ್‌ನಲ್ಲಿ ಮನೆ ಮನೆ ಸಮೀಕ್ಷೆ, ಕ್ವಾರಂಟೈನ್ ನಿಗಾ, ಲಸಿಕೆಗೆ ಜನರನ್ನು ಒಪ್ಪಿಸೋದು, ಎಲ್ಲವೂ ಇವರ ಹೆಗಲಿಗೇ ಬಿತ್ತು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾಗಳ ಮೇಲೆ ಹಲ್ಲೆಯೂ ಆಯಿತು. ಅದೇ ಜುಲೈನಲ್ಲಿ ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿ ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಮತ್ತು ಸುರಕ್ಷಾ ಸಾಮಗ್ರಿ.

ಕಾನೂನು ಏನು ಕೊಟ್ಟಿತು?

1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಸಮುದಾಯ ಆರೋಗ್ಯ ಕಾರ್ಯಕರ್ತರೂ ಸೇರಿ ಆರೋಗ್ಯ ಸಿಬ್ಬಂದಿ ಮೇಲಿನ ಹಲ್ಲೆ ಜಾಮೀನುರಹಿತ ಅಪರಾಧವಾಯಿತು. ತೀವ್ರ ಗಾಯವಾದರೆ 7 ವರ್ಷದವರೆಗೆ ಜೈಲು. ಕೇಂದ್ರದ 50 ಲಕ್ಷ ರೂಪಾಯಿ ವಿಮೆಯೂ ಇತ್ತು. ಆದರೆ ಅದು ಸತ್ತವರ ಕುಟುಂಬಕ್ಕೆ. ಬದುಕಿ ಉಳಿದು, ನಿದ್ದೆ ಕಳೆದುಕೊಂಡವರಿಗೆ ಅದರಲ್ಲಿ ಏನೂ ಇರಲಿಲ್ಲ.

ಕೌನ್ಸೆಲಿಂಗ್ ಸಾಕಾ?

ಬೇಕೇ ಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಿಮಗೋ ನಿಮ್ಮವರಿಗೋ ಕಷ್ಟ ಅನ್ನಿಸಿದರೆ ಹಿಂಜರಿಯದೆ ಕರೆ ಮಾಡಿ. ಆದರೆ ಗೌರವಧನ ತಿಂಗಳುಗಟ್ಟಲೆ ಬಾರದಿದ್ದರೆ ಆ ಚಿಂತೆಯನ್ನು ಧ್ಯಾನದ ಆ್ಯಪ್ ತೆಗೆಯಲಾರದು.

2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಕಳೆಯಬೇಕಾಯಿತು. ತಿಂಗಳಿಗೆ 10,000 ರೂಪಾಯಿ ಖಾತ್ರಿಯ ಭರವಸೆ ಸಿಕ್ಕಿದ್ದು ಆಮೇಲೆ.

ಆರೋಗ್ಯ ಕಾರ್ಯಕರ್ತರ ಮಾನಸಿಕ ಆರೋಗ್ಯ ಅಂದರೆ ನನ್ನ ಪ್ರಕಾರ ಮೊದಲು ಕಾರ್ಮಿಕ ಹಕ್ಕಿನ ಪ್ರಶ್ನೆ. ನಿಶ್ಚಿತ ವೇತನ, ರಜೆ, ಸುರಕ್ಷತೆ, ನೌಕರರೆಂಬ ಗುರುತು ಇವೂ ಚಿಕಿತ್ಸೆಯ ಭಾಗವೇ. ನಿಮ್ಮ ಊರಿನ ಆಶಾ ಮುಂದಿನ ಸಲ ಮನೆಗೆ ಬಂದಾಗ ನನ್ನ ಹಾಗೆ "ಟೆನ್ಷನ್ ಮಾಡ್ಕೋಬೇಡಿ" ಅನ್ನಬೇಡಿ. "ಈ ತಿಂಗಳ ದುಡ್ಡು ಬಂತಾ?" ಅಂತ ಕೇಳಿ. ಬಂದಿಲ್ಲ ಅಂದರೆ ಅವರ ಜೊತೆ ನಿಂತು ನೀವೂ ಪ್ರಶ್ನೆ ಮಾಡಿ.