ಮದ್ದೆಂದು ಕರೆದ ವಿಷ

ರಾಯದುರ್ಗ 1953ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು; ಕಾಸರಗೋಡು 1956ರಲ್ಲಿ ಕೇರಳಕ್ಕೆ. ಗಡಿ ಕನ್ನಡಿಗರಾದ ನಮಗೆ ಇನ್ನೊಂದು ನಂಟೂ ಇದೆ. ಮಡಕಶಿರಾದ ನಮ್ಮ ಕಡಲೆಕಾಯಿ ಹೊಲಕ್ಕೆ ಅಪ್ಪ ಬರಿಗೈಯಲ್ಲೇ ಎಂಡೋಸಲ್ಫಾನ್ ಕಲಸುತ್ತಿದ್ದರು. ಕನ್ನಡದಲ್ಲಿ ಅದು ಔಷಧಿ, ತೆಲುಗಿನಲ್ಲಿ ಮಂದು, ಮಲಯಾಳದಲ್ಲಿ ಮರುನ್ನು. ರಾಯದುರ್ಗದಲ್ಲಿ ಬ್ಯಾಂಕ್ ಗುಮಾಸ್ತನಾದ ನಾನೂ ಬೆಳೆಸಾಲದ ಕಾಗದದಲ್ಲಿ ‘ಔಷಧಿ ಖರ್ಚು’ ಎಂದೇ ಬರೆದವನು.

ನಿಮ್ಮ ಗೇರುತೋಟಗಳ ಮೇಲೆ 2000ದವರೆಗೆ ಇದನ್ನೇ ಹೆಲಿಕಾಪ್ಟರಿನಿಂದ ಸುರಿದರು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಊರಿನವರಲ್ಲಿ ಅಪಸ್ಮಾರ, ಬುದ್ಧಿಮಾಂದ್ಯಗಳನ್ನು ಕಂಡು ಪ್ರಶ್ನೆ ಎತ್ತಿದರು.

ಈ ವಿಷದ ಕೆಲಸ ಹೀಗೆ: ನಮ್ಮ ನರಕೋಶಗಳ ಮೈಮೇಲೆ ಗ್ರಾಹಕಗಳೆಂಬ ಬಾಗಿಲುಗಳಿವೆ. ‘ಗಾಬಾ’ ಎಂಬ ದ್ರವ್ಯ ಬಂದು ತಟ್ಟಿದರೆ ಬಾಗಿಲು ತೆರೆದು, ಕ್ಲೋರೈಡ್ ಕಣಗಳು ಒಳಹೊಕ್ಕು ನರ ಶಾಂತವಾಗುತ್ತದೆ. ಎಂಡೋಸಲ್ಫಾನ್ ಆ ದಾರಿಗೇ ಅಡ್ಡ ಕೂರುತ್ತದೆ. ಕಡಿವಾಣವಿಲ್ಲದ ನರ ಸಿಡಿಯುತ್ತಲೇ ಇರುತ್ತದೆ. ಮೈ ಸೆಟೆದು ನಡುಗುತ್ತದೆ. ಕೀಟ ಸಾಯುವುದು ಹೀಗೆ. ಅಂಥದೇ ಬಾಗಿಲು ಮನುಷ್ಯನಲ್ಲೂ ಇದೆ.

2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಇದನ್ನು ತಡೆಯಿತು. ಬೇರೆ ವಿಷಗಳು ಅಂಗಡಿಯಲ್ಲಿ ಇದ್ದೇ ಇವೆ. ಈಗ ನಾನು ‘ಕೀಟನಾಶಕ’ ಎಂದು ಬರೆದು, ಸಾಲಕ್ಕೆ ಬಂದ ರೈತನಿಗೆ ಬಾಯಲ್ಲಿ ಹೇಳುತ್ತೇನೆ: “ಇದು ಔಷಧಿಯಲ್ಲಣ್ಣಾ, ವಿಷ. ಬರಿಗೈಯಲ್ಲಿ ಮುಟ್ಟಬೇಡ.” ಅಪ್ಪನಿಗೆ ಯಾರೂ ಹೇಳಿರಲಿಲ್ಲ.