ವಾರಸುದಾರರಿಲ್ಲದ ಫೈಲುಗಳು

ದೂರದ ಕಂಪ್ಯೂಟರಿನಲ್ಲಿ ಫೈಲ್ ಇಡುವುದು, ಅಲ್ಲಿಂದ ತರುವುದು, ಬೇಡವಾದರೆ ಅಳಿಸುವುದು ಹೇಗೆ ಎಂದು ಮೊದಲು ಕ್ರಮಬದ್ಧವಾಗಿ ಬರೆದಿಟ್ಟವರು ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿ ಸೇರಿದ್ದ ಅವರು 1971ರ ಏಪ್ರಿಲ್ 16ರಂದು ಹೊರತಂದ ಆರ್‌ಎಫ್‌ಸಿ 114 ಎಂಬ ದಸ್ತಾವೇಜಿನಿಂದ ಎಫ್‌ಟಿಪಿ ಹುಟ್ಟಿತು. ಅದು 1985ರಲ್ಲಿ ಆರ್‌ಎಫ್‌ಸಿ 959 ಆಗಿ ಪರಿಷ್ಕಾರಗೊಂಡಾಗ ಒಂದು ಮಾತು ಸ್ಪಷ್ಟವಾಯಿತು: ಕಳಿಸಿದ ಫೈಲಿನ ಹೆಸರಿನದೇ ಇನ್ನೊಂದು ಅಲ್ಲಿ ಇದ್ದರೆ ಹಳೆಯದು ಹೋಗಿ ಹೊಸದು ಕೂರುತ್ತದೆ. ಸರ್ವರ್ ಏನನ್ನೂ ಕೇಳುವುದಿಲ್ಲ. ಹಾಗೆಂದು ಎಫ್‌ಟಿಪಿ ತಾನಾಗಿ ಯಾರ ತಂಟೆಗೂ ಹೋಗುವುದಿಲ್ಲ. ಯಾವ ಫೈಲಿನ ಹೆಸರು ಹೇಳಿದರೋ ಅದನ್ನಷ್ಟೇ ಮುಟ್ಟುತ್ತದೆ, ಪಕ್ಕದಲ್ಲಿ ಬಿದ್ದಿರುವುದು ಯಾರದು ಎಂಬ ಚಿಂತೆ ಅದಕ್ಕಿಲ್ಲ.

ಆ ಚಿಂತೆ ಶುರುವಾದದ್ದು ಎರಡು ಯಂತ್ರಗಳು ಒಂದೇ ಥರ ಇರಬೇಕು ಎಂಬ ಆಸೆ ಹುಟ್ಟಿದ ಮೇಲೆ. 1986ರ ಬರ್ಕ್ಲಿ ಯುನಿಕ್ಸ್ 4.3ರಲ್ಲಿ ಆರ್‌ಡಿಸ್ಟ್ ಎಂಬ ಆಜ್ಞೆ ಬಂತು. ಒಂದು ಮುಖ್ಯ ಯಂತ್ರದ ಫೈಲುಗಳನ್ನು ಉಳಿದ ಯಂತ್ರಗಳಿಗೆ ಹಂಚುವುದು ಅದರ ಕೆಲಸ. ಅದಕ್ಕೊಂದು ಆಯ್ಕೆ ಇತ್ತು: ಮುಖ್ಯ ಯಂತ್ರದಲ್ಲಿ ಇಲ್ಲದ್ದು ಉಳಿದ ಕಡೆ ಕಂಡರೆ ತೆಗೆದುಹಾಕು. ಅದರ ಜತೆಗೇ ‘ಇಂಥದ್ದನ್ನು ಬಿಟ್ಟು’ ಎಂದು ಹೇಳಿಕೊಡುವ ಸೌಲಭ್ಯವೂ ಇತ್ತು. ಎಂದರೆ ಅಳಿಸುವ ಆಯುಧವೂ ಅದರಿಂದ ಕಾಯುವ ಗುರಾಣಿಯೂ ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದವು. ವೆಬ್ ಎಂಬುದು ಆಗಿನ್ನೂ ಹುಟ್ಟಿರಲಿಲ್ಲ.

1990ರ ದಶಕದ ಮೊದಲ ವರ್ಷಗಳಲ್ಲಿ ದೊಡ್ಡ ದೊಡ್ಡ ಎಫ್‌ಟಿಪಿ ಭಂಡಾರಗಳಿದ್ದವು. ಒಂದು ಖಂಡದ ಭಂಡಾರದ ಯಥಾಪ್ರತಿಯನ್ನು ಇನ್ನೊಂದು ಖಂಡದ ವಿಶ್ವವಿದ್ಯಾಲಯ ಇಟ್ಟುಕೊಳ್ಳುತ್ತಿತ್ತು. ಇದಕ್ಕಾಗಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಲೀ ಮೆಕ್‌ಲಾಫ್ಲಿನ್ ಪರ್ಲ್ ಭಾಷೆಯಲ್ಲಿ ಬರೆದ ಮಿರರ್ ಎಂಬ ಪ್ರೋಗ್ರಾಂ ಬಹಳ ಬಳಕೆಯಾಯಿತು. ಅದರಲ್ಲಿ ಒಂದು ಮಿತಿ ಇಡಬಹುದಿತ್ತು: ಇರುವ ಫೈಲುಗಳಲ್ಲಿ ಇಷ್ಟು ಶೇಕಡಕ್ಕಿಂತ ಹೆಚ್ಚು ಅಳಿಸುವ ಪ್ರಸಂಗ ಬಂದರೆ ಅಳಿಸಬೇಡ, ಸುಮ್ಮನೆ ಎಚ್ಚರಿಸು.

ಈ ಮಿತಿಯ ಹಿಂದಿರುವ ಭಯ ತೀರ ವಾಸ್ತವದ್ದು. ಮೂಲ ಯಂತ್ರದಲ್ಲಿ ಫೈಲುಗಳು ಪ್ರತ್ಯೇಕ ಡಿಸ್ಕ್‌ನಲ್ಲಿವೆ ಎಂದುಕೊಳ್ಳಿ. ಯಂತ್ರ ಮರುಚಾಲನೆಯಾಗುವಾಗ ಆ ಡಿಸ್ಕ್ ಯಾವುದೋ ಕಾರಣಕ್ಕೆ ಜೋಡಣೆಯಾಗಲಿಲ್ಲ. ಫೋಲ್ಡರ್ ಇದೆ, ಒಳಗೆ ಏನೂ ಇಲ್ಲ. ಪ್ರತಿ ಮಾಡುವ ಪ್ರೋಗ್ರಾಂ ರಾತ್ರಿ ಬಂದು ನೋಡುತ್ತದೆ. ಅದರ ಲೆಕ್ಕದಲ್ಲಿ ಇದು ತೊಂದರೆಯಲ್ಲ, ಸುದ್ದಿ: ಮೂಲದಲ್ಲಿ ಎಲ್ಲವನ್ನೂ ತೆಗೆದಿದ್ದಾರೆ, ಆದ್ದರಿಂದ ಇಲ್ಲಿಯೂ ತೆಗೆಯಬೇಕು. ಬೆಳಗಾಗುವಷ್ಟರಲ್ಲಿ ಎರಡನೆಯ ಭಂಡಾರವೂ ಬರಿದು. ಪ್ರೋಗ್ರಾಂ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದೆ, ಬೈಯಲು ಕಾರಣವೇ ಇಲ್ಲ.

ವೆಬ್ ಬಂದ ಮೇಲೆ ಈ ಕಷ್ಟ ಪರಿಣತರ ಕೋಣೆಯಿಂದ ಮನೆಮನೆಗೆ ಇಳಿಯಿತು. ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಸಂಸ್ಥೆಯಲ್ಲಿ ಬರೆದ ಮೊದಲ ಬ್ರೌಸರ್ ಪುಟ ಓದುವ ಸಾಧನವೂ ಹೌದು, ಬರೆಯುವ ಸಾಧನವೂ ಹೌದು. ಆದರೆ ಮುಂದೆ ಜನಪ್ರಿಯವಾದ ಬ್ರೌಸರುಗಳು ಓದುವುದಕ್ಕಷ್ಟೇ ನಿಂತವು. ಬರೆಯುವುದಕ್ಕೆ ಬೇರೆ ತಂತ್ರಾಂಶ, ಬರೆದದ್ದನ್ನು ಸರ್ವರಿಗೆ ಕಳಿಸಲು ಒಂದು ‘ಪಬ್ಲಿಷ್’ ಗುಂಡಿ. ಅಲ್ಲಿಂದ ಪ್ರತಿಯೊಂದು ತಾಣಕ್ಕೂ ಎರಡು ಪ್ರತಿಗಳು: ಒಂದು ಮೇಜಿನ ಮೇಲೆ, ಇನ್ನೊಂದು ಸರ್ವರಿನಲ್ಲಿ. ತಂತ್ರಾಂಶ ಮೇಜಿನ ಮೇಲಿನದನ್ನೇ ಅಸಲಿ ಎಂದು ನಂಬಿತು.

ಸರ್ವರ್ ಮಾತ್ರ ಸುಮ್ಮನೆ ಕೂರಲಿಲ್ಲ, ತನ್ನದೇ ಸಂಸಾರ ಕಟ್ಟಿಕೊಂಡಿತು. ಭೇಟಿ ಕೊಟ್ಟವರ ಎಣಿಕೆ, ಅತಿಥಿ ಪುಸ್ತಕದಲ್ಲಿ ಬರೆದ ಮಾತು, ಪಾಸ್‌ವರ್ಡ್ ಪಟ್ಟಿ, ಅಂಕಿಅಂಶದ ಫೋಲ್ಡರ್ ಇವೆಲ್ಲ ಹುಟ್ಟುವುದೇ ಸರ್ವರಿನಲ್ಲಿ. ಇವುಗಳ ಪ್ರತಿ ಮೇಜಿನ ಮೇಲೆ ಇರುವುದಿಲ್ಲ, ಇದ್ದರೂ ಹಳಸಲು.

ಫ್ರಂಟ್‌ಪೇಜ್ ಇದಕ್ಕೆ ಒಳ್ಳೆಯ ಉದಾಹರಣೆ. ಚಾರ್ಲ್ಸ್ ಫರ್ಗ್ಯುಸನ್ ಮತ್ತು ರ‍್ಯಾಂಡಿ ಫೋರ್‌ಗಾರ್ಡ್ 1994ರಲ್ಲಿ ಶುರುಮಾಡಿದ ವರ್ಮೀರ್ ಟೆಕ್ನಾಲಜೀಸ್ ಅದನ್ನು ತಯಾರಿಸಿತು. 1996ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸುಮಾರು 13 ಕೋಟಿ ಡಾಲರಿಗೆ ಆ ಕಂಪನಿಯನ್ನೇ ಕೊಂಡಿತು. ತಾಣದ ಒಳಗೆ ಫ್ರಂಟ್‌ಪೇಜ್ ಸದ್ದಿಲ್ಲದೆ ಹುಟ್ಟಿಸುತ್ತಿದ್ದ ಫೋಲ್ಡರುಗಳ ಹೆಸರುಗಳು ‘ವಿಟಿಐ’ ಎಂಬ ಅಕ್ಷರಗಳಿಂದ ಶುರುವಾಗುತ್ತಿದ್ದವು. ಅವು ಹಳೆಯ ಕಂಪನಿಯ ಹೆಸರಿನ ಮೊದಲಕ್ಷರಗಳು. ಇದೇನೋ ಕಸ ಎಂದು ಎಫ್‌ಟಿಪಿ ಮೂಲಕ ಅವನ್ನು ತೆಗೆದವರ ತಾಣ ಮರುದಿನ ಕುಂಟುತ್ತಿತ್ತು. ಭೇಟಿಗಳ ಎಣಿಕೆ ‘ಪ್ರೈವೇಟ್’ ಎಂಬ ಫೋಲ್ಡರಿನ ಪುಟ್ಟ ಫೈಲೊಂದರಲ್ಲಿ ಇರುತ್ತಿತ್ತು. ಅತಿಥಿ ಪುಸ್ತಕಕ್ಕೂ ಹಾಗೆಯೇ ಒಂದು ಫೈಲ್. ಜನ ಬರೆದದ್ದೆಲ್ಲ ಸರ್ವರಿನಲ್ಲಿರುವ ಆ ಪುಟಕ್ಕೆ ಸೇರುತ್ತಾ ಹೋಗುತ್ತಿತ್ತು. ಮೇಜಿನ ಮೇಲಿದ್ದದ್ದು ಖಾಲಿ ಪುಟ. ಇಡೀ ತಾಣವನ್ನು ಮತ್ತೆ ಪ್ರಕಟಿಸಿದರೆ ಖಾಲಿ ಪುಟ ಹೋಗಿ ತುಂಬಿದ ಪುಟದ ಮೇಲೆ ಕೂರುತ್ತಿತ್ತು. ಸುಣ್ಣ ಬಳಿಯಲು ಕರೆಸಿದವನು ಗೋಡೆಯ ಮೇಲಿದ್ದ ಅಜ್ಜ ಅಜ್ಜಿಯರ ಫೋಟೊಗಳನ್ನೂ ಗುಡಿಸಿ ಆಚೆ ಹಾಕಿದ ಹಾಗೆ. ಕೊನೆಗೆ ಫ್ರಂಟ್‌ಪೇಜ್ ಒಂದೊಂದು ಫೈಲಿನ ಗುಣಲಕ್ಷಣಗಳ ಪಟ್ಟಿಯಲ್ಲೂ ಒಂದು ಆಯ್ಕೆ ಸೇರಿಸಿತು: ಉಳಿದದ್ದನ್ನು ಪ್ರಕಟಿಸುವಾಗ ಈ ಫೈಲನ್ನು ಹೊರಗಿಡು. ಆಯ್ಕೆ ಇರುವುದು ಎಲ್ಲಿ ಎಂದು ಜನರಿಗೆ ಗೊತ್ತಾಗುತ್ತಿದ್ದದ್ದು ಸಾಮಾನ್ಯವಾಗಿ ಅತಿಥಿ ಪುಸ್ತಕ ಒಮ್ಮೆ ಕಳೆದುಹೋದ ಮೇಲೆ.

1997ರ ಕೊನೆಗೆ ಬಂದ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಕೊಂಚ ಜಾಣತನ ತೋರಿತು. ಅದರ ‘ಸಿಂಕ್ರನೈಸ್’ ಕಿಟಕಿಯಲ್ಲಿ, ಸ್ವಂತ ಯಂತ್ರದಲ್ಲಿ ಇಲ್ಲದ್ದನ್ನು ಸರ್ವರಿನಿಂದ ಅಳಿಸು ಎನ್ನುವ ಚೌಕ ಇತ್ತು. ಅದಕ್ಕೆ ಟಿಕ್ ಹಾಕಿದರೂ ಕೆಲಸ ಒಡನೆ ಶುರುವಾಗುತ್ತಿರಲಿಲ್ಲ. ಯಾವುದು ಹೋಗುತ್ತದೆ, ಯಾವುದು ಅಳಿಯುತ್ತದೆ ಎಂಬ ಪಟ್ಟಿ ಮೊದಲು ಮುಂದೆ ಬರುತ್ತಿತ್ತು. ಒಂದೊಂದರ ಹಣೆಬರಹವನ್ನೂ ಅಲ್ಲೇ ಬದಲಿಸಬಹುದಿತ್ತು. 2002ರ ಎಂಎಕ್ಸ್ ಆವೃತ್ತಿಯಲ್ಲಿ ‘ಕ್ಲೋಕಿಂಗ್’ ಬಂತು. ಮುಸುಕು ಹಾಕಿದ ಫೋಲ್ಡರ್ ತಂತ್ರಾಂಶದ ಕಣ್ಣಿಗೆ ಬೀಳುವುದೇ ಇಲ್ಲ, ಬೀಳದ್ದನ್ನು ಅಳಿಸುವ ಮಾತೂ ಇಲ್ಲ.

ಕನ್ನಡದ ತಾಣಗಳಿಗೆ ಇದರಲ್ಲಿ ಇನ್ನೊಂದು ಸುಳಿಯಿತ್ತು. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲಿ ಶುರುವಾದಾಗ ಯುನಿಕೋಡ್ ಕನ್ನಡ ಬಳಕೆಗೆ ಬಂದಿರಲಿಲ್ಲ. ಓದುಗರು ಫಾಂಟ್ ಇಳಿಸಿಕೊಂಡು ಓದಬೇಕಿತ್ತು, ಇಲ್ಲವೇ ತಾಣವೇ ಫಾಂಟನ್ನು ಪುಟದ ಜತೆ ಕಳಿಸಬೇಕಿತ್ತು. ಎರಡನೆಯದಕ್ಕೆ ಡೈನಮಿಕ್ ಫಾಂಟ್ ಎನ್ನುತ್ತಿದ್ದರು. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆಂದು ತಯಾರಿಸುವ ಇಒಟಿ ಫೈಲನ್ನು ಒಂದು ನಿರ್ದಿಷ್ಟ ವೆಬ್ ವಿಳಾಸಕ್ಕೆ ಕಟ್ಟಿಹಾಕಬಹುದಿತ್ತು, ಹಾಗೆ ಕಟ್ಟಿದ್ದು ಬೇರೆಡೆ ಕೆಲಸಕ್ಕೆ ಬಾರದು. ಅಂಥ ಫೈಲ್ ಸರ್ವರಿನಿಂದ ಅಳಿದುಹೋದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ. ಪುಟ ಮಾಡಿದವನಿಗೆ ಮಾತ್ರ ಅದು ಕಾಣಿಸುತ್ತಿರಲಿಲ್ಲ. ಅವನ ವಿಂಡೋಸ್‌ನಲ್ಲಿ ಆ ಫಾಂಟ್ ಮೊದಲೇ ಇತ್ತಲ್ಲ! ಅವನ ಪರದೆಯಲ್ಲಿ ಅಚ್ಚಕನ್ನಡ, ಸಿಯಾಟಲ್‌ನಲ್ಲಿ ಕುಳಿತ ಕನ್ನಡಿಗನ ಪರದೆಯಲ್ಲಿ ರಂಪ.

ಇಷ್ಟರಲ್ಲಿ ಕ್ಯಾನ್ಬೆರಾದಲ್ಲಿ ಬೇರೆಯೇ ತರದ ಸಾಧನ ತಯಾರಾಗಿತ್ತು. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕರಸ್ 1996ರ ಜೂನ್‌ನಲ್ಲಿ ಆರ್‌ಸಿಂಕ್ ಪ್ರಕಟಿಸಿದರು. ಫೈಲಿನಲ್ಲಿ ಬದಲಾದ ತುಣುಕನ್ನಷ್ಟೇ ಕಳಿಸುವ ಅದರ ಚಾಕಚಕ್ಯತೆಯನ್ನು ಎಲ್ಲರೂ ಹೊಗಳಿದರು. ಅಳಿಸುವ ವಿಷಯದಲ್ಲಿ ಅದು ತೋರಿದ ಸಂಯಮವೂ ಹೊಗಳಿಕೆಗೆ ಅರ್ಹವೇ. ಸುಮ್ಮನೆ ಓಡಿಸಿದರೆ ಆರ್‌ಸಿಂಕ್ ಏನನ್ನೂ ಅಳಿಸುವುದಿಲ್ಲ; ‘ಡಿಲೀಟ್’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೂ, ಕಳಿಸಬೇಡ ಎಂದು ಹೊರಗಿಟ್ಟ ಫೈಲುಗಳನ್ನು ಅಳಿಸುವುದಿಲ್ಲ. ಅವೂ ಹೋಗಲಿ ಎಂದರೆ ‘ಡಿಲೀಟ್ ಎಕ್ಸ್‌ಕ್ಲೂಡೆಡ್’ ಎಂಬ ಇನ್ನೊಂದು ಆಜ್ಞೆ ಕೊಡಬೇಕು. ಕಳಿಸುವ ಕಡೆ ಓದುವಾಗ ದೋಷ ಕಂಡರೆ ಅಳಿಸುವ ಕೆಲಸವನ್ನು ತಾನಾಗಿಯೇ ಕೈಬಿಡುತ್ತದೆ. ಡಿಲೀಟ್ ಆಜ್ಞೆ ಅಪಾಯಕಾರಿಯಾಗಬಲ್ಲದು, ಮೊದಲು ‘ಡ್ರೈ ರನ್’ ಮಾಡಿ ನೋಡಿ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಡ್ರೈ ರನ್ ಎಂದರೆ ಏನೇನು ಮಾಡುತ್ತೇನೆ ಎಂದು ಹೇಳಿ, ಮಾಡದೆ ಬಿಡುವುದು.

ಆದರೂ ಜೋಡಣೆಯಾಗದ ಡಿಸ್ಕ್‌ನ ಹಳೆಯ ಕಾಟ ಪೂರ್ತಿ ತೊಲಗಲಿಲ್ಲ. ಖಾಲಿ ಫೋಲ್ಡರನ್ನು ಓದುವಾಗ ದೋಷವೇನೂ ಬರುವುದಿಲ್ಲ, ಅದು ಖಾಲಿ ಅಷ್ಟೆ. ಅದಕ್ಕಾಗಿಯೇ ಇಷ್ಟಕ್ಕಿಂತ ಹೆಚ್ಚು ಅಳಿಸಬೇಡ ಎನ್ನುವ ‘ಮ್ಯಾಕ್ಸ್ ಡಿಲೀಟ್’ ಇದೆ. ಜತೆಗೆ ಆರ್‌ಸಿಂಕ್ ಬಳಸುವವರ ಬೆವರಿಳಿಸುವುದು ಇವತ್ತಿಗೂ ಒಂದು ಓರೆಗೆರೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಆ ಗೆರೆ ಇದ್ದರೆ ಫೋಲ್ಡರಿನ ಒಳಗಿನದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ಡಿಲೀಟ್ ಜತೆಗೂಡಿ, ತಲುಪಬೇಕಾದ ಜಾಗವೂ ಒಂದು ಮೆಟ್ಟಿಲು ಮೇಲಕ್ಕೆ ಬರೆದುಹೋಗಿದ್ದರೆ, ಆ ಒಂದು ಗೆರೆಯಿಂದಾಗಿ ಅಕ್ಕಪಕ್ಕದ ತಾಣಗಳೂ ‘ಹೆಚ್ಚುವರಿ’ ಎನಿಸಿಕೊಂಡು ಹೋಗಬಹುದು.

ಮೈಕ್ರೋಸಾಫ್ಟ್ 2009ರಲ್ಲಿ ತಂದ ವೆಬ್ ಡಿಪ್ಲಾಯ್ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಎರಡೂ ಕಡೆ ಒಂದೇ ಥರ ಮಾಡುವುದು ಅದರ ಹುಟ್ಟುಗುಣ. ಅಳಿಸಬೇಡ ಎನ್ನುವ ನಿಯಮವನ್ನು ಬೇರೆಯಾಗಿ ಚಾಲೂ ಮಾಡಬೇಕು. ವಿಷುವಲ್ ಸ್ಟುಡಿಯೋ 2010ರ ಪಬ್ಲಿಷ್ ಕಿಟಕಿಯಲ್ಲಿ ಸರ್ವರಿನ ಹೆಚ್ಚುವರಿ ಫೈಲುಗಳನ್ನು ಹಾಗೇ ಬಿಡಲು ಚೌಕಕ್ಕೆ ಟಿಕ್ ಹಾಕಬೇಕಿತ್ತು. ಮುಂದಿನ ಆವೃತ್ತಿಗಳಲ್ಲಿ ಅದೇ ಚೌಕ ತಲೆಕೆಳಗಾಯಿತು: ತೆಗೆಯಬೇಕೆಂದರೆ ಟಿಕ್ ಹಾಕಿ. ಮರೆತವನಿಗೂ ನಷ್ಟವಾಗಬಾರದು ಎಂಬ ತಿಳಿವಳಿಕೆ ಬರಲು ಒಂದು ಆವೃತ್ತಿ ಬೇಕಾಯಿತು. ಡೇಟಾಬೇಸ್ ಫೈಲುಗಳಿರುವ ಆ್ಯಪ್ ಡೇಟಾ ಫೋಲ್ಡರಿಗೆ ಪ್ರತ್ಯೇಕ ರಕ್ಷಣೆಯ ಚೌಕವೂ ಇದೆ.

ವರ್ಡ್‌ಪ್ರೆಸ್ ಬಳಸುವವರಿಗೆ ಪಬ್ಲಿಷ್ ಮಾಡುವಾಗ ಈ ಭಯವಿಲ್ಲ, ಬರಹ ಡೇಟಾಬೇಸಿನಲ್ಲಿರುತ್ತದೆ. ಭಯ ಇರುವುದು ಅಪ್‌ಡೇಟ್‌ನಲ್ಲಿ. 2008ರ 2.5 ಆವೃತ್ತಿಯಿಂದ ಪ್ಲಗಿನ್‌ಗಳನ್ನು ಒಂದೇ ಕ್ಲಿಕ್ಕಿನಲ್ಲಿ ಹೊಸದಾಗಿಸಬಹುದು. ಹಾಗೆ ಮಾಡುವಾಗ ಪ್ಲಗಿನ್ನಿನ ಹಳೆಯ ಫೋಲ್ಡರನ್ನು ಇಡಿಯಾಗಿ ತೆಗೆದು ಹೊಸದನ್ನು ಇಡಲಾಗುತ್ತದೆ. ಆ ಫೋಲ್ಡರಿನೊಳಗೆ ಯಾರಾದರೂ ಚಿತ್ರವನ್ನೋ ಅನುವಾದದ ಫೈಲನ್ನೋ ಇಟ್ಟಿದ್ದರೆ ಅದೂ ಹೋಯಿತು. ‘ಅಪ್‌ಲೋಡ್ಸ್’ ಫೋಲ್ಡರನ್ನು ಮಾತ್ರ ಅಪ್‌ಡೇಟ್ ಮುಟ್ಟುವುದಿಲ್ಲ. ಬಳಕೆದಾರರ ಸೊತ್ತು ಅಲ್ಲಿರಬೇಕು ಎಂಬುದು ಪ್ಲಗಿನ್ ಬರೆಯುವವರು ಬೇಗ ಕಲಿಯುವ ಪಾಠ.

ಅದೇ 2008ರಲ್ಲಿ ಗಿಟ್‌ಹಬ್‌ನ ಸಹಸಂಸ್ಥಾಪಕ ಟಾಮ್ ಪ್ರೆಸ್ಟನ್-ವರ್ನರ್ ಬರೆದ ಜೆಕಿಲ್ ಬಂತು. ಸರಳ ಪಠ್ಯದಿಂದ ಇಡೀ ತಾಣವನ್ನು ಪ್ರತಿ ಸಲವೂ ಹೊಸದಾಗಿ ಕಟ್ಟುವ ತಂತ್ರಾಂಶ ಇದು. ಕಟ್ಟುವ ಮೊದಲು ಜಾಗವನ್ನು ಸ್ವಚ್ಛ ಮಾಡಿಕೊಳ್ಳುತ್ತದೆ. ಆದ್ದರಿಂದ ಮುಖ್ಯವಾದ ಫೋಲ್ಡರನ್ನು ಇದರ ಕೈಗೆ ಕೊಡಬೇಡಿ ಎಂದು ದಾಖಲೆಯಲ್ಲೇ ಬರೆದಿದ್ದಾರೆ. ‘ಕೀಪ್ ಫೈಲ್ಸ್’ ಎಂಬ ಪಟ್ಟಿಯಲ್ಲಿ ಬರೆದದ್ದನ್ನು ಮಾತ್ರ ಅದು ಉಳಿಸುತ್ತದೆ. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಶುರುಮಾಡಿದ ಹ್ಯೂಗೋ ಇದಕ್ಕೆ ಉಲ್ಟಾ, ತಾನಾಗಿ ಏನನ್ನೂ ಗುಡಿಸುವುದಿಲ್ಲ. ಹಾಗಾಗಿ ಅಲ್ಲಿ ಅಳಿಸಬೇಕಾದ ಹಳೆಯ ಪುಟಗಳು ವರ್ಷಗಟ್ಟಲೆ ಉಳಿದುಕೊಂಡು, ತೆಗೆದುಹಾಕಿದೆವು ಎಂದು ಮಾಲೀಕರು ನಂಬಿದ ಬರಹವನ್ನು ಜನ ಓದುತ್ತಲೇ ಇರುತ್ತಾರೆ. ಅಳಿಸದಿರುವುದಕ್ಕೂ ಬೆಲೆಯಿದೆ. ಸರ್ವರಿಗೆ ಕಳಿಸಲು ಹ್ಯೂಗೋ ಮುಂದೆ ತಂದ ‘ಡಿಪ್ಲಾಯ್’ ಆಜ್ಞೆಯಲ್ಲಿ ಒಂದು ಸಲಕ್ಕೆ 256 ಫೈಲಿಗಿಂತ ಹೆಚ್ಚು ಅಳಿಸದಂತೆ ಮೊದಲೇ ಮಿತಿ ಹಾಕಿದೆ. ಇಂಪೀರಿಯಲ್ ಕಾಲೇಜಿನ ಹಳೆಯ ಶೇಕಡಾ ಮಿತಿಯ ಮೊಮ್ಮಗು ಅದು.

ತಾಣ ಪ್ರಕಟಿಸಲು ಗಿಟ್‌ಹಬ್ ಪೇಜಸ್ ಬಳಸಿದವರಲ್ಲಿ ಅನೇಕರಿಗೆ ಸಿನೇಮ್ ಎಂಬ ಪುಟ್ಟ ಫೈಲಿನ ಕಥೆ ಗೊತ್ತು. ತಾಣದ ಸ್ವಂತ ವಿಳಾಸ ಅದರಲ್ಲಿ ಒಂದೇ ಸಾಲಿನಲ್ಲಿರುತ್ತದೆ. ಗಿಟ್‌ಹಬ್‌ನ ಸೆಟ್ಟಿಂಗಿನಲ್ಲಿ ವಿಳಾಸ ಬರೆದಾಗ ಆ ಫೈಲ್ ಪ್ರಕಟವಾದ ಶಾಖೆಯಲ್ಲಿ ತಾನಾಗಿ ಹುಟ್ಟುತ್ತದೆ. ಮುಂದಿನ ಸಲ ಪ್ರಕಟಣೆಯ ಉಪಕರಣ ಆ ಶಾಖೆಯನ್ನು ಗುಡಿಸಿ ಹೊಸದು ಇಟ್ಟಾಗ ಫೈಲ್ ಮಾಯ, ವಿಳಾಸ ಹೊಡೆದವರಿಗೆ 404. ಇಲ್ಲಿ ಮದ್ದು ಬೇರೆ: ಫೈಲನ್ನು ಕಾಯುವ ಬದಲು ಮೂಲದ ಸ್ಥಿರ ಫೋಲ್ಡರಿನಲ್ಲೇ ಅದರ ಒಂದು ಪ್ರತಿ ಇಟ್ಟು ಪ್ರತಿ ಸಲವೂ ಜತೆಗೆ ಕಳಿಸುವುದು.

ಇಷ್ಟೆಲ್ಲ ಪಟ್ಟಿ, ಚೌಕ, ಮಿತಿಗಳಿಗಿಂತ ಗಟ್ಟಿಯಾದ ದಾರಿ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಗತ್ತಿನಿಂದ ಬಂತು. ಜೇಮಿಸ್ ಬಕ್ 2005ರಲ್ಲಿ ಬರೆದ, ಮುಂದೆ ಕ್ಯಾಪಿಸ್ಟ್ರಾನೋ ಎಂದು ಹೆಸರಾದ ಸಾಧನ ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ. ಪ್ರತಿ ಪ್ರಕಟಣೆಗೂ ‘ರಿಲೀಸಸ್’ ಒಳಗೆ ದಿನಾಂಕ, ವೇಳೆಯ ಹೆಸರಿನ ಹೊಸ ಫೋಲ್ಡರ್. ‘ಕರೆಂಟ್’ ಎಂಬ ಕೊಂಡಿ ಅದರತ್ತ ಬೆರಳು ತೋರುತ್ತದೆ. ಜನ ಏರಿಸಿದ ಚಿತ್ರಗಳು, ದಾಖಲಾತಿಗಳು ‘ಶೇರ್ಡ್’ ಎಂಬ ಬೇರೆಯೇ ಫೋಲ್ಡರಿನಲ್ಲಿದ್ದು ಪ್ರತಿ ಹೊಸ ರಿಲೀಸಿಗೂ ಜೋಡಣೆಯಾಗುತ್ತವೆ. ತಾಣ ಕೆಟ್ಟರೆ ಕೊಂಡಿಯನ್ನು ಹಿಂದಿನ ಫೋಲ್ಡರಿಗೆ ತಿರುಗಿಸಿದರಾಯಿತು. ಪ್ರಕಟಿಸುವವನದು ಯಾವುದು, ಸರ್ವರಿನದು ಯಾವುದು ಎಂಬ ಪಾಲು ಇಲ್ಲಿ ಮೊದಲೇ ಆಗಿದೆ. ಹೆರೋಕುವಿನಂಥ ಸೇವೆಗಳು ಇದನ್ನು ಇನ್ನೂ ಕಟ್ಟುನಿಟ್ಟು ಮಾಡಿದವು: ಅಲ್ಲಿನ ಡಿಸ್ಕ್‌ನಲ್ಲಿ ಬರೆದದ್ದು ಯಂತ್ರ ಮರುಚಾಲನೆಯಾದೊಡನೆ ಹೋಗುತ್ತದೆ ಎಂದು ಮೊದಲೇ ಹೇಳಿಬಿಡುತ್ತವೆ. ಉಳಿಯಬೇಕಾದದ್ದು ಹೊರಗಿನ ಸಂಗ್ರಹಕ್ಕೆ, ಹೆಚ್ಚಾಗಿ ಅಮೆಜಾನಿನ ಎಸ್3ಗೆ, ಹೋಗಬೇಕು.

ಆ ಎಸ್3ಗೂ 2010ರಲ್ಲಿ ಆವೃತ್ತಿ ಉಳಿಸುವ ಸೌಲಭ್ಯ ಬಂತು. ಅದನ್ನು ಚಾಲೂ ಮಾಡಿದರೆ ಅಳಿಸು ಎಂದಾಗ ಫೈಲ್ ಹೋಗುವುದಿಲ್ಲ, ಅದರ ಮೇಲೊಂದು ‘ಅಳಿಸಿದೆ’ ಎಂಬ ಗುರುತು ಬೀಳುತ್ತದೆ. ಗುರುತು ತೆಗೆದರೆ ಫೈಲ್ ಮತ್ತೆ ಪ್ರತ್ಯಕ್ಷ. ಅಡಿಯಲ್ಲಿ ಪೇರುತ್ತಾ ಹೋಗುವ ಹಳೆಯ ಆವೃತ್ತಿಗಳಿಗೆ ಬಾಡಿಗೆ ಮಾತ್ರ ತಿಂಗಳು ತಿಂಗಳೂ ಬರುತ್ತಿರುತ್ತದೆ. ಬಿಲ್ ನೋಡಿ ಗಾಬರಿಯಾದವರು ಇಷ್ಟು ದಿನಕ್ಕಿಂತ ಹಳೆಯವನ್ನು ತಾನಾಗಿ ತೆಗೆದುಹಾಕು ಎಂದು ಈಗ ಅದಕ್ಕೊಂದು ನಿಯಮ ಬರೆದಿಡುತ್ತಾರೆ.